ನಾಯ್ಸಮ್ ಎಂದರೆ ಗದ್ದಲವಲ್ಲ: ಒಂದನ್ನೊಂದು ಹೋಲುವ ಇಂಗ್ಲಿಷ್ ಪದಗಳ ಕುರಿತು ಚರ್ಚೆ

ಮಾಟುಂಗ_ಕರಡು:

ಇಂಗ್ಲಿಷ್ ಮತ್ತು ಮರಾಠಿಯಿಂದ ಕನ್ನಡಕ್ಕೆ ಸುದ್ದಿಗಳನ್ನು ಅನುವಾದಿಸುವುದು ಹಾಗೂ ಇತರರ ಅನುವಾದದ ಕರಡು ತಿದ್ದುವುದು ನನ್ನ ಕೆಲಸ. ಈಚೆಗೆ ದೇವನಾರದ ಕಸದ ರಾಶಿಯ ಬಗೆಗಿನ ಒಂದು ಲೇಖನದ ಕರಡಿನಲ್ಲಿ ‘ಗದ್ದಲದ ಗುಡ್ಡ’ ಎಂಬ ಮಾತು ಕಣ್ಣಿಗೆ ಬಿತ್ತು. 1927ರಿಂದ ಮುಂಬಯಿಯ ಕಸವನ್ನು ಹೊತ್ತುಕೊಂಡು ಬಂದಿರುವ ಆ ಗುಡ್ಡ ನಾರಬಹುದು, ಹೊಗೆಯಾಡಬಹುದು, ಒಮ್ಮೊಮ್ಮೆ ಹೊತ್ತಿ ಉರಿಯಲೂಬಹುದು. ಆದರೆ ಗದ್ದಲ ಮಾಡುವುದಿಲ್ಲ. ಮೂಲವನ್ನು ತೆರೆದು ನೋಡಿದರೆ ಅಲ್ಲಿದ್ದುದು ‘ನಾಯ್ಸಮ್’ ಎಂಬ ಪದ. ಅದರ ಅರ್ಥ ದುರ್ನಾತ ಬೀರುವ, ಅಸಹ್ಯ ಹುಟ್ಟಿಸುವ ಎಂದು. ಅನುವಾದಿಸಿದವರು ಅದನ್ನು ‘ನಾಯ್ಸಿ’ಯ ಗಂಭೀರ ರೂಪವೆಂದು ತಿಳಿದಿದ್ದರು.

ದಿನಬಳಕೆಯ ಪದವೊಂದಕ್ಕೆ ಮುಖದಲ್ಲಿ ಹೋಲುವ, ಆದರೆ ಅಪರೂಪವಾದ ಇನ್ನೊಂದು ಪದವಿದ್ದಾಗ ಇಂತಹ ಎಡವಟ್ಟು ಆಗುತ್ತಲೇ ಇರುತ್ತದೆ. ನಿಮ್ಮ ನಿಮ್ಮ ವೃತ್ತಿಯಲ್ಲಿ ಇಂತಹ ಯಾವ ಜೋಡಿಗಳು ಎದುರಾಗುತ್ತವೆ, ಅವುಗಳನ್ನು ಬೇರ್ಪಡಿಸಿ ನೆನಪಿಟ್ಟುಕೊಳ್ಳುವ ಬಗೆ ಹೇಗೆ ಎಂಬುದನ್ನು ದಯವಿಟ್ಟು ಬರೆಯಿರಿ. ನಿಘಂಟಿನ ಅರ್ಥ ನನಗೂ ಸಿಗುತ್ತದೆ. ನನಗೆ ಬೇಕಾಗಿರುವುದು, ಆ ಪದ ಎಲ್ಲಿ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆ.

ಕೊಥ್ರೂಡ್_ಅಧ್ಯಾಪಕಿ:

ಪುಣೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ನಾಯ್ಸಮ್ ಮತ್ತು ನಾಯ್ಸಿ ಹುಟ್ಟಿನಿಂದ ಒಡಹುಟ್ಟಿದವುಗಳಲ್ಲ. ಕಿರಿಕಿರಿ ಮಾಡು ಎಂಬರ್ಥದ ‘ಅನಾಯ್’ ಎಂಬ ಕ್ರಿಯಾಪದದ ತಲೆ ಕತ್ತರಿಸಿದ ‘ನಾಯ್’ ಎಂಬ ಹಳೆಯ ರೂಪಕ್ಕೆ ‘ಸಮ್’ ಪ್ರತ್ಯಯ ಸೇರಿ ನಾಯ್ಸಮ್ ಆಯಿತು. ಮೊದಲಿಗೆ ಹಾನಿಕರ ಎಂಬ ಅರ್ಥವಿದ್ದು, ಬರಬರುತ್ತ ಅದು ವಾಸನೆಯ ಕಡೆಗೆ ವಾಲಿತು. ‘ನಾಯ್ಸ್’ ಫ್ರೆಂಚಿನ ಮೂಲಕ ಬಂದ ಪದ, ಅದರ ಬೇರು ಹೊಟ್ಟೆ ತೊಳಸುವಿಕೆಯನ್ನು ಹೇಳುವ ಲ್ಯಾಟಿನ್ನಿನ ‘ನಾಸಿಯಾ’ದಲ್ಲಿದೆ ಎಂಬುದು ಹಲವು ನಿಘಂಟುಕಾರರ ಅಭಿಪ್ರಾಯ. ಹಾಗಿದ್ದರೆ ವಾಕರಿಕೆ ತರಿಸಬೇಕಾಗಿದ್ದ ಪದ ಕಿವಿಗೆ ಹೋಗಿದೆ, ಕಿರಿಕಿರಿಯ ಪದ ಮೂಗಿಗೆ ಬಂದಿದೆ.

ನಿಮ್ಮ ಅನುವಾದದ ತಪ್ಪು ಸಿಕ್ಕಿಬಿದ್ದದ್ದು ಗುಡ್ಡಕ್ಕೆ ಬಾಯಿಲ್ಲದ ಕಾರಣದಿಂದ. ಅದೇ ವಿಶೇಷಣವನ್ನು ಮೀನು ಮಾರುಕಟ್ಟೆಯ ಓಣಿಗೆ ಹಾಕಿದ್ದರೆ ‘ಗದ್ದಲದ ಓಣಿ’ ಎಂಬ ತಪ್ಪು ಅನುವಾದವೂ ಸಲೀಸಾಗಿ ಸಾಗಿಬಿಡುತ್ತಿತ್ತು, ಏಕೆಂದರೆ ಆ ಓಣಿಯಲ್ಲಿ ನಾತವೂ ಇದೆ, ಗದ್ದಲವೂ ಇದೆ. ಎರಡೂ ಅರ್ಥ ಹೊಂದುವ ಜಾಗದಲ್ಲಿ ಎಷ್ಟು ಗಮನವಿಟ್ಟು ಓದಿದರೂ ಅನುಮಾನ ಹುಟ್ಟುವುದಿಲ್ಲ. ನಾನು ವಿದ್ಯಾರ್ಥಿಗಳಿಗೆ ಎಚ್ಚರಿಸುತ್ತಿದ್ದುದು ಇಂತಹ ಜಾಗಗಳ ಬಗ್ಗೆಯೇ.

‘ಇಂಜೀನಿಯಸ್’ ಮತ್ತು ‘ಇಂಜೆನ್ಯುಅಸ್’ ಅಂತಹ ಒಂದು ಜೋಡಿ. ಮೊದಲನೆಯದು ಚತುರ, ಹೊಸ ಉಪಾಯ ಹೂಡಬಲ್ಲ ಎಂಬ ಅರ್ಥದ್ದು. ಲ್ಯಾಟಿನ್ನಿನಲ್ಲಿ ಹುಟ್ಟುಪ್ರತಿಭೆಯನ್ನು ಹೇಳುವ ‘ಇಂಗೇನಿಯಮ್’ನಿಂದ ಬಂದದ್ದು. ಎರಡನೆಯದು ‘ಇಂಗೇನುಅಸ್’ ಎಂಬುದರಿಂದ, ಅಂದರೆ ರೋಮಿನಲ್ಲಿ ಗುಲಾಮನಲ್ಲದೆ ಸ್ವತಂತ್ರನಾಗಿ ಹುಟ್ಟಿದವನು ಎಂಬುದರಿಂದ ಬಂದು, ಕುಲೀನ, ನಿಷ್ಕಪಟ ಎಂಬ ಮೆಟ್ಟಿಲುಗಳನ್ನು ಇಳಿದು ಈಗ ‘ಕಪಟವರಿಯದ, ತುಸು ಮುಗ್ಧ’ ಎಂಬಲ್ಲಿ ನಿಂತಿದೆ. ಒಬ್ಬ ಮಂತ್ರಿಯ ಉತ್ತರ ಇಂಜೀನಿಯಸ್ ಆಗಿತ್ತು ಎಂದರೆ ಅವರು ಜಾಣತನದಿಂದ ಪಾರಾದರು ಎಂದಾಯಿತು. ಇಂಜೆನ್ಯುಅಸ್ ಆಗಿತ್ತು ಎಂದರೆ ಜಾಣತನವೇ ಇರಲಿಲ್ಲ ಎಂದಾಯಿತು. ಎರಡೂ ಆಗಬಹುದಾದ ಸಂಗತಿಗಳೇ. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರೇ ಒಂದರ ಬದಲು ಇನ್ನೊಂದನ್ನು ಅಚ್ಚು ಹಾಕಿದ್ದುಂಟು. ಇಂದು ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದು ಇದರ ನಿಷೇಧರೂಪವಾದ ‘ಡಿಸ್‌ಇಂಜೆನ್ಯುಅಸ್’. ಗೊತ್ತಿದ್ದೂ ಗೊತ್ತಿಲ್ಲದವರಂತೆ ಮಾತನಾಡುವುದಕ್ಕೆ ಅದನ್ನು ಬಳಸುತ್ತಾರೆ.

ಇನ್ನು ನಗರದ ಎಂಬರ್ಥದ ‘ಅರ್ಬನ್’ ಮತ್ತು ನಯವಾದ ನಡವಳಿಕೆಯ ಎಂಬರ್ಥದ ‘ಅರ್ಬೇನ್’, ‘ಹ್ಯೂಮನ್’ ಮತ್ತು ‘ಹ್ಯೂಮೇನ್’ ಇವು ಒಂದೇ ಪದ ಕಾಲಾಂತರದಲ್ಲಿ ಎರಡಾಗಿ ಪಾಲಾದಂಥವು. ಹದಿನೆಂಟನೆಯ ಶತಮಾನದವರೆಗೂ ಮನುಷ್ಯಸಂಬಂಧಿ ಮತ್ತು ದಯಾಪರ ಎಂಬ ಎರಡು ಅರ್ಥಗಳಿಗೂ ಹ್ಯೂಮೇನ್ ಎಂಬ ಕಾಗುಣಿತ ನಡೆಯುತ್ತಿತ್ತು. ನಮ್ಮ ‘ನಾಗರಿಕ’ ಇನ್ನೂ ಪಾಲಾಗದೆ ಒಟ್ಟು ಕುಟುಂಬದಲ್ಲಿಯೇ ಇದೆ: ‘ಹಿರಿಯ ನಾಗರಿಕ’ ಎನ್ನುವಾಗ ಅದು ಪ್ರಜೆ, ‘ನಾಗರಿಕ ವರ್ತನೆ’ ಎನ್ನುವಾಗ ಸಭ್ಯತೆ.

ಡೊಂಬಿವಲಿ_ಲೋಕಲ್:

ಮೇಡಂ, ತಮ್ಮ ವಿವರಣೆಯನ್ನು ಸಂತೋಷದಿಂದ ಓದಿದೆ, ಆದರೂ ಒಂದು ತಕರಾರು ಇದೆ. ನಾನು ಬ್ಯಾಂಕಿನಲ್ಲಿದ್ದೇನೆ, ನಮ್ಮ ವಲಯ ಕಚೇರಿಯಿಂದ ಬರುವ ಸುತ್ತೋಲೆಗಳಲ್ಲಿಯೂ ಅರ್ಬೇನ್, ಇಂಜೆನ್ಯುಅಸ್ ಎಂಬ ಪದಗಳನ್ನು ನಾನು ಕಂಡಿಲ್ಲ. ಅಪರೂಪದ ಪದವನ್ನು ಬಳಸುವವರು ಹೆಚ್ಚಿನ ಸಂದರ್ಭಗಳಲ್ಲಿ ತಮ್ಮ ಓದನ್ನು ಮೆರೆಸುವುದಕ್ಕೆ ಬಳಸುತ್ತಾರೆಂದೇ ನನ್ನ ಅನಿಸಿಕೆ. ಅವುಗಳನ್ನು ಕಲಿಯುವ ಹೊರೆ ಓದುಗರ ಮೇಲೆ ಏಕೆ ಬೀಳಬೇಕು?

ನಿಜವಾಗಿ ಗೊಂದಲ ಉಂಟುಮಾಡುವುದು ಬೀದಿಯಲ್ಲಿಯೇ ಇರುವ ಪದಗಳು. ಪೂರ್ವ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಸಾಗುವ ಟ್ಯಾಂಕರುಗಳ ಹಿಂಬದಿಯಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಎಂದು ಕೆಂಪಕ್ಷರದಲ್ಲಿ ಬರೆದಿರುತ್ತದೆ. ನನ್ನ ಅಕ್ಕನ ಮಗನ ರಸಾಯನಶಾಸ್ತ್ರದ ಪುಸ್ತಕದಲ್ಲಿ ‘ಫ್ಲೇಮಬಲ್’ ಎಂದಿದೆ. ‘ಇನ್’ ಎಂಬುದು ನಿಷೇಧವನ್ನು ಹೇಳುವ ಉಪಸರ್ಗವೆಂದು ಶಾಲೆಯಲ್ಲಿ ಕಲಿತ ಹುಡುಗ, ಟ್ಯಾಂಕರಿನಲ್ಲಿರುವುದು ಬೆಂಕಿ ಹತ್ತದ ವಸ್ತುವೇ ಎಂದು ಕೇಳಿದರೆ ಏನು ಹೇಳಬೇಕು?

ಚೆಂಬೂರು_ಸುರಕ್ಷೆ:

ಈ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮಾಹುಲ್ ಕಡೆಯ ಕಾರ್ಖಾನೆಗಳಲ್ಲಿ ಅಗ್ನಿ ಸುರಕ್ಷತೆಯ ತರಬೇತಿ ಕೊಡುವುದು ನನ್ನ ವೃತ್ತಿ. ಇನ್‌ಫ್ಲೇಮಬಲ್ ಮತ್ತು ಫ್ಲೇಮಬಲ್ ಎರಡಕ್ಕೂ ಅರ್ಥ ಒಂದೇ: ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಹಳೆಯದು ಇನ್‌ಫ್ಲೇಮಬಲ್. ಅಲ್ಲಿರುವ ‘ಇನ್’ ನಿಷೇಧದ್ದಲ್ಲ, ‘ಇನ್‌ಫ್ಲೇಮ್’ ಎಂಬ, ಹೊತ್ತಿಸು ಎಂಬರ್ಥದ ಕ್ರಿಯಾಪದದಲ್ಲಿರುವಂಥದ್ದು. ಸಂಸ್ಕೃತದ ‘ವಿ’ ಉಪಸರ್ಗ ‘ವಿಮುಖ’ದಲ್ಲಿ ಅತ್ತ ತಿರುಗಿಸುತ್ತದೆ, ‘ವಿಶುದ್ಧ’ದಲ್ಲಿ ಶುದ್ಧಿಯನ್ನು ಹೆಚ್ಚಿಸುತ್ತದೆ ಎಂದು ಹುಡುಗನಿಗೆ ಹೇಳಿದರೆ ಅರ್ಥವಾದೀತು. ಅವನಿಗೆ ಬಂದ ಅನುಮಾನವೇ ಇತರರಿಗೂ ಬಂದು ಜೀವಕ್ಕೆ ಅಪಾಯವಾದೀತೆಂದು ಅಮೆರಿಕದ ರಾಷ್ಟ್ರೀಯ ಅಗ್ನಿ ರಕ್ಷಣಾ ಸಂಘವು 1920ರ ದಶಕದಲ್ಲಿಯೇ ಫ್ಲೇಮಬಲ್ ರೂಪವನ್ನು ಬಳಸಲು ಒತ್ತಾಯಿಸಿತು. ಅಪಾಯದ ಫಲಕದಲ್ಲಿ ವ್ಯುತ್ಪತ್ತಿಯ ಶುದ್ಧಿಗಿಂತ ತಪ್ಪು ತಿಳಿವಳಿಕೆಗೆ ಎಡೆಯಿಲ್ಲದಿರುವುದು ಮುಖ್ಯವಾದುದರಿಂದ ಆ ಒತ್ತಾಯ ನ್ಯಾಯವಾದುದೆಂದು ನನ್ನ ಮತ. ನಮ್ಮ ಟ್ಯಾಂಕರುಗಳ ಮೇಲೆ ಹಳೆಯ ಪದ ಉಳಿದುಕೊಂಡಿದೆ.

ನನ್ನ ಕೆಲಸದಲ್ಲಿ ತಲೆನೋವು ಕೊಡುವುದು ಮೂರನೆಯ ಪದವಾದ ‘ಕಂಬಸ್ಟಿಬಲ್’. ಸಾಮಾನ್ಯ ಮಾತಿನಲ್ಲಿ ಅದೂ ಉರಿಯುವಂಥದ್ದೇ. ಸುರಕ್ಷತೆಯ ಭಾಷೆಯಲ್ಲಿ ಮಾತ್ರ ಇವುಗಳ ನಡುವೆ ಫ್ಲ್ಯಾಶ್ ಪಾಯಿಂಟಿನ ಗೆರೆಯಿದೆ: ಗೆರೆಯ ಕೆಳಗಿನದು ಫ್ಲೇಮಬಲ್, ಮೇಲಿನದು ಕಂಬಸ್ಟಿಬಲ್. ದ್ರವದ ಮೇಲಿನ ಆವಿಗೆ ಕಿಡಿ ತಗುಲಿದರೆ ಒಮ್ಮೆ ಭಗ್ ಎನ್ನುವಷ್ಟು ಆವಿ ಏಳುವ ಕನಿಷ್ಠ ಉಷ್ಣತೆಯೇ ಫ್ಲ್ಯಾಶ್ ಪಾಯಿಂಟ್. ಪೆಟ್ರೋಲಿನದು ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿದೆ. ಹಾಗಾಗಿ ಜನವರಿಯ ಮುಂಬಯಿಯಲ್ಲಿಯೂ ತೆರೆದ ಪೆಟ್ರೋಲು ಸದಾ ಸಿದ್ಧವಾಗಿಯೇ ಇರುತ್ತದೆ. ಡೀಸೆಲ್ಲನ್ನು ಮೊದಲು ಕಾಯಿಸಬೇಕಾಗುತ್ತದೆ. ನಮ್ಮ 1934ರ ಪೆಟ್ರೋಲಿಯಂ ಕಾಯ್ದೆ ಈ ವಿಶೇಷಣಗಳ ಜಗಳಕ್ಕೆ ಹೋಗದೆ ವರ್ಗಗಳನ್ನು ಮಾಡಿದೆ: ಫ್ಲ್ಯಾಶ್ ಪಾಯಿಂಟ್ 23 ಡಿಗ್ರಿಗಿಂತ ಕಡಿಮೆ ಇದ್ದರೆ ‘ಎ’, 23ರಿಂದ 65ರ ಒಳಗಿದ್ದರೆ ‘ಬಿ’, 65ರಿಂದ 93ರ ಒಳಗಿದ್ದರೆ ‘ಸಿ’. ಸುದ್ದಿಯಲ್ಲಿ ಎಲ್ಲವನ್ನೂ ‘ದಹನಶೀಲ’ ಎಂದು ಬರೆಯುತ್ತಾರೆ, ಅದಕ್ಕೆ ನನ್ನ ಆಕ್ಷೇಪವಿಲ್ಲ; ಗೋದಾಮಿನ ಬಾಗಿಲ ಮೇಲಿನ ಫಲಕದಲ್ಲಿ ಹಾಗೆ ಬರೆದರೆ ಆಕ್ಷೇಪವಿದೆ.

ಭೋಸರಿ_ಮಾಪಕ:

ಅಪರೂಪದ ಪದ ಎಂದರೆ ಮೆರೆಸುವ ಪದ ಎಂಬ ಡೊಂಬಿವಲಿಯವರ ಮಾತನ್ನು ನಾನು ಒಪ್ಪಲಾರೆ. ಮನೆಯಲ್ಲಿ ಅಪರೂಪವಾದದ್ದು ಕಾರ್ಖಾನೆಯಲ್ಲಿ ದಿನಬಳಕೆಯದಾಗಿರುತ್ತದೆ. ಭೋಸರಿಯಲ್ಲಿ ವಾಹನಗಳ ಬಿಡಿಭಾಗ ಮಾಡುವ ಘಟಕದಲ್ಲಿ ತಪಾಸಣೆ ವಿಭಾಗದ ಹೊಣೆ ನನ್ನದು. ಅಲ್ಲಿ ‘ಆ್ಯಕ್ಯುರೇಟ್’ ಮತ್ತು ‘ಪ್ರಿಸೈಸ್’ ಎಂಬ ಎರಡು ಪದಗಳನ್ನು ಬೆರೆಸಿದರೆ ಮಾಲು ವಾಪಸು ಬರುತ್ತದೆ.

ಹೊಸಬರಿಗೆ ಇದನ್ನು ತಿಳಿಸಲು ಒಂದು ಮೈಕ್ರೋಮೀಟರ್ ಮತ್ತು 25 ಮಿಲಿಮೀಟರಿನ ಒಂದು ಸ್ಲಿಪ್ ಗೇಜ್, ಅಂದರೆ ಅಳತೆ ಖಚಿತವಾಗಿ ಗೊತ್ತಿರುವ ಒಂದು ತುಂಡು, ಸಾಕು. ಗೇಜನ್ನು ಅಳೆಯಿರಿ, ಬಿಡಿ, ಮತ್ತೆ ಅಳೆಯಿರಿ. ಪ್ರತಿ ಸಲವೂ 25.04 ಎಂದೇ ತೋರಿಸಿದರೆ ಆ ಉಪಕರಣ ಪ್ರಿಸೈಸ್ ಆಗಿದೆ. ಅಂದರೆ ತನ್ನ ಮಾತನ್ನು ತಾನು ಬದಲಿಸುವುದಿಲ್ಲ. ಆದರೆ ಅದು ಹೇಳುತ್ತಿರುವುದು ಸುಳ್ಳು, ಆದ್ದರಿಂದ ಆ್ಯಕ್ಯುರೇಟ್ ಅಲ್ಲ. ಇನ್ನೊಂದು ಉಪಕರಣ ಒಮ್ಮೆ 24.97, ಒಮ್ಮೆ 25.03, ಒಮ್ಮೆ 25.00 ತೋರಿಸಿ ಸರಾಸರಿಯಲ್ಲಿ ಸರಿಯಾದ ಉತ್ತರಕ್ಕೆ ಬಂದರೆ, ಅದನ್ನು ನಂಬಿ ಒಂದೇ ಒಂದು ಅಳತೆ ತೆಗೆದುಕೊಳ್ಳುವ ಧೈರ್ಯ ಯಾರಿಗೂ ಇರಲಾರದು. ಮೊದಲನೆಯದರ ದೋಷ ಹೆಚ್ಚಾಗಿ ಶೂನ್ಯದ ಹೊಂದಾಣಿಕೆಯಲ್ಲಿರುತ್ತದೆ, ಅದನ್ನು ಸರಿಪಡಿಸಬಹುದು. ಎರಡನೆಯದು ಸ್ಕ್ರೂ ಸವೆದದ್ದೋ ಅಥವಾ ಅಳೆಯುವವನ ಕೈ ಒಂದೇ ಬಿಗಿಯಲ್ಲಿ ತಿರುಗಿಸದಿರುವುದೋ ಆಗಿರಬಹುದಾದ್ದರಿಂದ ಕಾರಣ ಹುಡುಕುವುದು ಕಷ್ಟ. ಕನ್ನಡದಲ್ಲಿ ಎರಡಕ್ಕೂ ‘ನಿಖರ’ ಎಂದು ಬರೆದು ಮುಗಿಸುತ್ತೇವೆ. ನನ್ನ ಕೆಳಗಿನವರಿಗೆ ನಾನು ‘ಸರಿ ಅಳತೆ’, ‘ಸ್ಥಿರ ಅಳತೆ’ ಎಂದು ಹೇಳಿಕೊಡುತ್ತೇನೆ. ಸುಂದರವಲ್ಲದಿದ್ದರೂ ಕೆಲಸ ನಡೆಯುತ್ತದೆ.

‘ಕ್ಯಾಲಿಬ್ರೇಟ್’ ಎಂಬುದಕ್ಕೂ ಇದೇ ಗತಿ. ಉಪಕರಣವನ್ನು ತಿದ್ದುವುದೇ ಕ್ಯಾಲಿಬ್ರೇಷನ್ ಎಂದು ಎಲ್ಲರೂ ತಿಳಿದಿದ್ದಾರೆ. ಮಾಪನಶಾಸ್ತ್ರದ ಪ್ರಕಾರ ಅದು ಉಪಕರಣದ ಮಾತನ್ನು ಪ್ರಮಾಣದೊಂದಿಗೆ ಹೋಲಿಸಿ ವ್ಯತ್ಯಾಸವನ್ನು ದಾಖಲಿಸುವುದಷ್ಟೆ. ತಿದ್ದುವುದು ‘ಅಡ್ಜಸ್ಟ್‌ಮೆಂಟ್’ ಎಂಬ ಬೇರೆ ಕೆಲಸ, ತಿದ್ದಿದ ಮೇಲೆ ಮತ್ತೆ ಕ್ಯಾಲಿಬ್ರೇಟ್ ಮಾಡಬೇಕು.

ವಾಸ್ಕೊ_ನಿವಾಸಿ:

ಗೋವಾದಿಂದ ಒಂದು ಜೋಡಿಯನ್ನು ಸೇರಿಸುತ್ತೇನೆ: ‘ವೀನಲ್’ ಮತ್ತು ‘ವೀನಿಯಲ್’. ನಾನು ಕಲಿಸುವ ಶಾಲೆಯ ಕ್ಯಾಥೊಲಿಕ್ ಸಹೋದ್ಯೋಗಿಗಳಿಗೆ ಎರಡನೆಯದು ಬಾಲ್ಯದಿಂದ ಗೊತ್ತಿರುವ ಪದ, ಏಕೆಂದರೆ ಅವರ ಧರ್ಮೋಪದೇಶದ ತರಗತಿಗಳಲ್ಲಿ ಪಾಪಗಳನ್ನು ವೀನಿಯಲ್ ಮತ್ತು ಮಾರ್ಟಲ್ ಎಂದು ವಿಂಗಡಿಸಿ ಕಲಿಸುತ್ತಾರೆ. ಮಾರ್ಟಲ್ ಪಾಪವಾಗಬೇಕಾದರೆ ವಿಷಯ ಗಂಭೀರವಾಗಿರಬೇಕು, ಮಾಡುವವನಿಗೆ ಪೂರ್ಣ ಅರಿವಿರಬೇಕು, ಮನಸ್ಸಿನ ಸಂಪೂರ್ಣ ಸಮ್ಮತಿಯೂ ಇರಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಅದು ವೀನಿಯಲ್ ಪಾಪ, ಅಂದರೆ ಕ್ಷಮೆಗೆ ಅರ್ಹವಾದ ಹಗುರ ತಪ್ಪು. ಕ್ಷಮೆ ಎಂಬರ್ಥದ ‘ವೇನಿಯಾ’ ಇದರ ಮೂಲ. ವೀನಲ್ ಬಂದಿರುವುದು ಮಾರಾಟ ಎಂಬರ್ಥದ ‘ವೇನಮ್’ನಿಂದ: ದುಡ್ಡಿಗೆ ತನ್ನನ್ನೋ ತನ್ನ ಅಧಿಕಾರವನ್ನೋ ಮಾರಿಕೊಳ್ಳುವವನು ವೀನಲ್. ಹೀಗಾಗಿ ಅಧಿಕಾರಿಯ ತಪ್ಪು ವೀನಿಯಲ್ ಎಂದರೆ ಬಿಟ್ಟುಬಿಡಬಹುದು, ವೀನಲ್ ಎಂದರೆ ಲಂಚದ ಪ್ರಕರಣ ದಾಖಲಾಗಬೇಕು. ಒಂದು ಅಕ್ಷರದ ಅಂತರದಲ್ಲಿ ಕ್ಷಮೆಯೂ ಜೈಲೂ ಇವೆ.

ನಮ್ಮಂತಹ ಹೊರನಾಡ ಕನ್ನಡಿಗರಿಗೆ ಇದು ಹೊಸದೇನೂ ಅಲ್ಲ. ಮರಾಠಿಯವರು ‘ಸಂಧಿ’ ಸಿಕ್ಕಿತು ಎಂದರೆ ಅವಕಾಶ ಸಿಕ್ಕಿತು ಎಂದರ್ಥ, ನಾವು ವ್ಯಾಕರಣದ ಪುಸ್ತಕ ನೆನೆಯುತ್ತೇವೆ. ಹಿಂದಿಯ ‘ಉಪನ್ಯಾಸ’ ಕಾದಂಬರಿ, ನಮ್ಮದು ಭಾಷಣ.

ಫೋರ್ಟ್_ವಕೀಲ:

ನ್ಯಾಯಾಲಯದ ಇಂಗ್ಲಿಷಿನಿಂದ ಎರಡು ಮಾತು. ‘ಅನ್‌ಇಂಟರೆಸ್ಟೆಡ್’ ಎಂದರೆ ಆಸಕ್ತಿಯಿಲ್ಲದ, ‘ಡಿಸ್‌ಇಂಟರೆಸ್ಟೆಡ್’ ಎಂದರೆ ಪರಿಣಾಮದಲ್ಲಿ ತನ್ನ ಲಾಭನಷ್ಟವಿಲ್ಲದ. ನ್ಯಾಯಾಧೀಶರು ಎರಡನೆಯದಾಗಿರಬೇಕು, ಮೊದಲನೆಯದಾದರೆ ಊಟದ ನಂತರದ ಕಲಾಪದಲ್ಲಿ ನಮಗೆ ಕಷ್ಟ. ಸಾಕ್ಷಿಗಳ ವಿಷಯದಲ್ಲಿ ಇದಕ್ಕಿಂತ ನವಿರಾದ ಇನ್ನೊಂದು ಭೇದವಿದೆ. ‘ರಿಲೇಟೆಡ್’ ಸಾಕ್ಷಿಯೆಂದರೆ ಸಂಬಂಧಿ, ‘ಇಂಟರೆಸ್ಟೆಡ್’ ಸಾಕ್ಷಿಯೆಂದರೆ ತೀರ್ಪಿನಿಂದ ಲಾಭ ಪಡೆಯುವವನು. ಇವೆರಡೂ ಒಂದೇ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1981ರಲ್ಲಿ ರಾಜಸ್ಥಾನದ ಒಂದು ಕೊಲೆ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅಲ್ಲಿ ಸಾಕ್ಷಿ ನುಡಿದಿದ್ದವಳು ಕೊಲೆಯಾದವನ ಹೆಂಡತಿ. ಮನೆಯೊಳಗೆ ನಡೆದ ಕೃತ್ಯವನ್ನು ಮನೆಯವರಲ್ಲದೆ ಬೇರೆ ಯಾರು ನೋಡಿಯಾರು? ಸುದ್ದಿಯಲ್ಲಿ ಎರಡಕ್ಕೂ ‘ಹಿತಾಸಕ್ತಿಯುಳ್ಳ ಸಾಕ್ಷಿ’ ಎಂದು ಬರೆದರೆ ಆ ಹೆಂಗಸಿನ ಮಾತಿನ ತೂಕವನ್ನು ಬರೆದವರೇ ಇಳಿಸಿದಂತೆ.

ಮಾಟುಂಗದವರ ಕೆಲಸಕ್ಕೆ ನೇರವಾಗಿ ಬೇಕಾದದ್ದು ಕಳವಿನ ಪದಗಳು. ‘ಥೆಫ್ಟ್’ ಎಂದರೆ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ವಶದಿಂದ ಚರಸ್ವತ್ತನ್ನು ಒಯ್ಯುವುದು. ‘ಎಕ್ಸ್‌ಟಾರ್ಷನ್’ನಲ್ಲಿ ಕಳ್ಳ ಕೈ ಹಾಕುವುದಿಲ್ಲ, ಹೆದರಿದವನು ತಾನೇ ತೆಗೆದುಕೊಡುತ್ತಾನೆ, ಹಫ್ತಾ ವಸೂಲಿ ಇದರ ಮುಂಬಯಿ ಹೆಸರು. ಇವೆರಡರಲ್ಲಿ ಯಾವುದಕ್ಕಾದರೂ ಆ ಕ್ಷಣದ ಹಿಂಸೆ ಅಥವಾ ಪ್ರಾಣಭಯ ಸೇರಿಕೊಂಡರೆ ‘ರಾಬರಿ’. ರಾಬರಿಯಲ್ಲಿ ಐವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಸೇರಿದ್ದರೆ ‘ಡಕಾಯಿಟಿ’. ನಮ್ಮ ನೆಲದ ಪದವನ್ನೇ ಎತ್ತಿಕೊಂಡು 1860ರ ದಂಡ ಸಂಹಿತೆಯಲ್ಲಿ ಕೂರಿಸಿದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 310ನೆಯ ಕಲಮು. ‘ಬರ್ಗ್ಲರಿ’ ಎಂಬುದು ನಮ್ಮ ಸಂಹಿತೆಯ ಪದವೇ ಅಲ್ಲ, ಅಲ್ಲಿರುವುದು ‘ಹೌಸ್‌ಬ್ರೇಕಿಂಗ್’.

ಮುಂಬಯಿಯ ಅನುವಾದಕರಿಗೆ ಇಲ್ಲೊಂದು ಬಲೆಯಿದೆ. ಮರಾಠಿ ಪೊಲೀಸ್ ಪ್ರಕಟಣೆಯಲ್ಲಿ ‘ಜಬರಿ ಚೋರಿ’ ಎಂದರೆ ರಾಬರಿ, ‘ದರೋಡಾ’ ಎಂದರೆ ಡಕಾಯಿಟಿ, ‘ಘರಫೋಡಿ’ ಎಂದರೆ ಮನೆ ಒಡೆದು ಕದಿಯುವುದು, ‘ಖಂಡಣಿ’ ಎಂದರೆ ಎಕ್ಸ್‌ಟಾರ್ಷನ್. ಕನ್ನಡ ಪತ್ರಿಕೆಗಳಲ್ಲಿ ‘ದರೋಡೆ’ ಎಂಬುದನ್ನು ಒಬ್ಬನೇ ಚಾಕು ತೋರಿಸಿ ಕಿತ್ತುಕೊಂಡದ್ದಕ್ಕೂ ಬರೆಯುತ್ತಾರೆ. ಆದ್ದರಿಂದ ಮರಾಠಿಯ ದರೋಡಾ ಕಂಡಲ್ಲಿ ಕಣ್ಣು ಮುಚ್ಚಿ ದರೋಡೆ ಎನ್ನದೆ ‘ಡಕಾಯಿತಿ’ ಎಂದು ಬರೆಯುವುದೇ ಲೇಸು.

ಡೊಂಬಿವಲಿ_ಲೋಕಲ್:

ಮೆರೆಸುವ ಪದಗಳ ಕುರಿತು ನಾನು ಹೇಳಿದ್ದು ಕಾರ್ಖಾನೆಗೂ ನ್ಯಾಯಾಲಯಕ್ಕೂ ಅನ್ವಯಿಸುವುದಿಲ್ಲ, ಒಪ್ಪಿದೆ. ಆದರೆ ಡಿಸ್‌ಇಂಟರೆಸ್ಟೆಡ್ ಎಂಬುದನ್ನು ‘ಆಸಕ್ತಿಯಿಲ್ಲದ’ ಎಂಬ ಅರ್ಥದಲ್ಲಿ ಇಂಗ್ಲಿಷ್ ಪತ್ರಿಕೆಗಳಲ್ಲಿಯೇ ಧಾರಾಳವಾಗಿ ಕಾಣುತ್ತೇನೆ. ಅಷ್ಟು ಜನ ಬಳಸಿದ ಮೇಲೂ ಅದನ್ನು ತಪ್ಪು ಎನ್ನುವ ಅಧಿಕಾರ ಯಾರಿಗಿದೆ?

ಕೊಥ್ರೂಡ್_ಅಧ್ಯಾಪಕಿ:

ಹೆಚ್ಚು ಜನ ಬಳಸುತ್ತಾರೆಂಬುದಕ್ಕಿಂತ ಬಲವಾದ ಆಧಾರವೂ ನಿಮ್ಮ ಪಕ್ಷಕ್ಕಿದೆ: ಹದಿನೇಳನೆಯ ಶತಮಾನದಲ್ಲಿಯೇ ಆ ಪದ ‘ಆಸಕ್ತಿಯಿಲ್ಲದ’ ಎಂಬ ಅರ್ಥದಲ್ಲಿ ಬಳಕೆಯಲ್ಲಿತ್ತು. ನಿಷ್ಪಕ್ಷಪಾತ ಎಂಬುದೊಂದೇ ಸರಿಯಾದ ಅರ್ಥವೆಂಬ ಪಟ್ಟು ಆಮೇಲಿನದು. ಆದರೂ ಆ ಪಟ್ಟಿನ ಪರವಾಗಿ ನಾನು ನಿಲ್ಲುತ್ತೇನೆ, ಏಕೆಂದರೆ ಆಸಕ್ತಿಯಿಲ್ಲದಿರುವುದನ್ನು ಹೇಳಲು ಬೇರೆ ಪದವಿದೆ, ಸ್ವಂತ ಲಾಭವಿಲ್ಲದಿರುವುದನ್ನು ಅಷ್ಟು ಚಿಕ್ಕದಾಗಿ ಹೇಳುವ ಪದ ಇಂಗ್ಲಿಷಿನಲ್ಲಿ ಇನ್ನೊಂದಿಲ್ಲ.

‘ಫುಲ್ಸಮ್’ನ ಸ್ಥಿತಿ ಇನ್ನೂ ಹದಗೆಟ್ಟಿದೆ. ಅದರ ಮೊದಲ ಅರ್ಥ ಸಮೃದ್ಧ ಎಂದು. ಆಮೇಲೆ ಅತಿಯಾಗಿ ಹೇಸಿಗೆ ಹುಟ್ಟಿಸುವ ಎಂದಾಯಿತು. ಈಗ ನಮ್ಮ ದೇಶದ ವರದಿಗಳಲ್ಲಿ ‘ಫುಲ್ಸಮ್ ಪ್ರೇಯ್ಸ್’ ಎಂದರೆ ಮನದುಂಬಿದ ಪ್ರಶಂಸೆ. ಸಭೆಯಲ್ಲಿ ಅಧ್ಯಕ್ಷರಿಗೆ ದೊರೆತ ಪ್ರಶಂಸೆ ಅಂಥದ್ದು ಎಂದು ಬರೆದವರು ಅವರನ್ನು ಹೊಗಳಿದರೋ ಹೊಗಳುಭಟರನ್ನು ಹಂಗಿಸಿದರೋ ವಾಕ್ಯದಿಂದ ತಿಳಿಯುವುದಿಲ್ಲ. ಇಂತಹ ಪದ ಎದುರಾದಾಗ ಅನುವಾದಕರು ನಿಘಂಟನ್ನು ಮುಚ್ಚಿ ಲೇಖನದ ಉಳಿದ ಭಾಗವನ್ನು ಓದಬೇಕು. ಸ್ವಂತ ಬರವಣಿಗೆಯಲ್ಲಿ ಅದನ್ನು ಬಳಸಲೇಬಾರದು.

ಮಾಟುಂಗ_ಕರಡು:

ಎಲ್ಲರಿಗೂ ಧನ್ಯವಾದಗಳು. ವಕೀಲರೇ, ತಮ್ಮಲ್ಲಿ ಇನ್ನೊಂದು ಸಂದೇಹ. ಪೊಲೀಸರ ಪ್ರಕಟಣೆಯಲ್ಲಿ ‘ದರೋಡಾ’ ಎಂದಿದ್ದು, ಬಂಧಿತರು ನಾಲ್ವರು ಎಂದಿದ್ದರೆ ಏನು ಮಾಡಬೇಕು? ಐವರಿಲ್ಲದ ಡಕಾಯಿತಿ ಎಂದು ಓದುಗರು ಪತ್ರ ಬರೆಯಲಾರರೇ?

ಫೋರ್ಟ್_ವಕೀಲ:

ಎಣಿಸಬೇಕಾದದ್ದು ಕೃತ್ಯದಲ್ಲಿ ಭಾಗವಹಿಸಿದವರನ್ನು, ಸಿಕ್ಕಿಬಿದ್ದವರನ್ನಲ್ಲ. ಐದನೆಯವನು ತಲೆಮರೆಸಿಕೊಂಡಿದ್ದರೂ ಅಪರಾಧ ಡಕಾಯಿತಿಯೇ. ಮೂವರು ಒಳಗೆ ನುಗ್ಗಿ, ಒಬ್ಬ ಬಾಗಿಲಲ್ಲಿ ಕಾವಲು ನಿಂತು, ಇನ್ನೊಬ್ಬ ಗಾಡಿ ಚಾಲೂ ಇಟ್ಟುಕೊಂಡು ಸ್ಥಳದಲ್ಲಿಯೇ ನೆರವಾಗುತ್ತಿದ್ದರೆ ಅವರಿಬ್ಬರೂ ಲೆಕ್ಕಕ್ಕೆ ಬರುತ್ತಾರೆ. ವಸ್ತು ಕೈಗೆ ಸಿಗದೆ ಬರಿಯ ಪ್ರಯತ್ನವಾಗಿದ್ದರೂ ಹೆಸರು ಅದೇ. ಇನ್ನು ‘ದರೋಡೆಗೆ ಹೊಂಚು: ಐವರ ಬಂಧನ’ ಎಂಬ ತಲೆಬರಹಗಳು ಬರುತ್ತವಲ್ಲ, ಅಲ್ಲಿಯೂ ಡಕಾಯಿತಿ ಎಂದೇ ಬರೆಯಿರಿ, ಏಕೆಂದರೆ ಅದಕ್ಕೆ ಸಿದ್ಧತೆ ನಡೆಸುವುದೂ, ಅದರ ಸಲುವಾಗಿ ಒಂದೆಡೆ ಸೇರುವುದೂ 310ನೆಯ ಕಲಮಿನಲ್ಲಿಯೇ ಶಿಕ್ಷಾರ್ಹ. ರಾಬರಿಗೆ ಅಂತಹ ಏರ್ಪಾಡಿಲ್ಲ. ಪ್ರಕಟಣೆಯಲ್ಲಿ ಕಲಮಿನ ಸಂಖ್ಯೆ ಕೊಟ್ಟಿರುತ್ತಾರೆ, ಪದಕ್ಕಿಂತ ಮೊದಲು ಅದನ್ನು ನೋಡಿಕೊಳ್ಳಿ: 303 ಕಳವು, 308 ಎಕ್ಸ್‌ಟಾರ್ಷನ್, 309 ರಾಬರಿ, 310 ಡಕಾಯಿತಿ.